ಕುಂಬಳೆಯ ಬಿಸಿಲು ಮತ್ತು ಚಿತ್ರದ ಹಿಂಬದಿ

ಮಂಗಳೂರಿನಿಂದ ತೆಂಕು ದಿಕ್ಕಿಗೆ ಹೊರಟ ರೈಲು ನೇತ್ರಾವತಿಯ ಸೇತುವೆಯನ್ನು ದಾಟಿ, ಉಳ್ಳಾಲ, ಮಂಜೇಶ್ವರ, ಉಪ್ಪಳಗಳನ್ನು ಹಿಂದಿಕ್ಕಿ ಬರುವಾಗ, ಕುಂಬಳೆಗೆ ಸ್ವಲ್ಪ ಮೊದಲು ಕಿಟಕಿಯ ಎರಡೂ ಬದಿಗಳಲ್ಲಿ ನೀರು ತೆರೆದುಕೊಳ್ಳುತ್ತದೆ. ಅದು ಶಿರಿಯಾ ಹೊಳೆ. ಎಡಗಡೆಗೆ ತೆಂಗಿನ ತೋಟಗಳ ಹಸುರು, ಬಲಗಡೆಗೆ ಕಡಲಿನ ಬೆಳ್ಳಗಿನ ಬೆಳಕು. 1907ರಲ್ಲಿ ಈ ಹಳಿ ಮಂಗಳೂರನ್ನು ಮುಟ್ಟಿದಂದಿನಿಂದ ಎಷ್ಟೋ ತಲೆಮಾರಿನ ಪ್ರಯಾಣಿಕರು ಈ ನೋಟವನ್ನು ಕಂಡಿದ್ದಾರೆ. ಇಂದಿನ ಪ್ರಯಾಣಿಕನಾದರೋ ನೋಡುವ ಮೊದಲೇ ಜೇಬಿನಿಂದ ಮೊಬೈಲನ್ನು ತೆಗೆದು ಅದರ ಚಿತ್ರ ಹಿಡಿಯುತ್ತಾನೆ. ಸೇತುವೆ ಮುಗಿಯುವುದರೊಳಗೆ ಐದಾರು ಚಿತ್ರಗಳು. ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಅವು ದೂರದ ನೆಂಟರನ್ನು ಸೇರಿರುತ್ತವೆ. ಆ ಮೇಲೆ ಅವುಗಳ ಗತಿ ಏನಾಯಿತೆಂದು ಕೇಳುವವರು ವಿರಳ.

ಕುಂಬಳೆಯನ್ನು ಕಂಡವರು ಅದನ್ನು ಮುಂದಿನವರಿಗಾಗಿ ಉಳಿಸಿಡಲು ಯತ್ನಿಸಿದುದು ಹೊಸತೇನಲ್ಲ. 1801ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನಿಂದ ಕನ್ನಡ ಜಿಲ್ಲೆಯನ್ನು ಪ್ರವೇಶಿಸಿ ಇದೇ ದಾರಿಯಾಗಿ ಬಡಗಣಕ್ಕೆ ಹೋದನು. ಮಣ್ಣು, ಬೆಳೆ, ಕೋಟೆ, ಜನ ಎಲ್ಲವನ್ನೂ ಅವನು ದಿನಚರಿಯಲ್ಲಿ ಬರೆದಿಟ್ಟನು. ಅದು 1807ರಲ್ಲಿ ಗ್ರಂಥವಾಗಿ ಅಚ್ಚಾಯಿತು. ನಮ್ಮ ಮನೆಗಳ ಗೋಡೆಯಲ್ಲಿರುವ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನೂ ಅವನೇ. ಅವನ ಕೈಯಲ್ಲಿ ಕ್ಯಾಮರಾ ಇರಲಿಲ್ಲ. ಇರುವ ಸಂಭವವೂ ಇಲ್ಲ, ಛಾಯಾಚಿತ್ರದ ವಿದ್ಯೆ ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಆದರೂ ಅವನ ಬರವಣಿಗೆ ಕಾಗದದ ಮೇಲಿದ್ದುದರಿಂದ ಇನ್ನೂರು ವರ್ಷಗಳ ಬಳಿಕವೂ ನಮ್ಮ ಕೈಗೆ ಸಿಗುತ್ತದೆ.

ನಿಲ್ದಾಣದಿಂದ ಪೇಟೆಗೆ ಬಂದು ಕಣಿಪುರದ ಗೋಪಾಲಕೃಷ್ಣ ದೇವಾಲಯದ ಅಂಗಳದಲ್ಲಿ ನಿಂತಾಗ ಇನ್ನೊಂದು ಮಾತು ನೆನಪಾಗದಿರದು. ತೆಂಕುತಿಟ್ಟು ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನು ಈ ಕಣ್ವಪುರದ ಕೃಷ್ಣನನ್ನೇ ತನ್ನ ಪದ್ಯಗಳಲ್ಲಿ ನೆನೆದವನು. ಅವನ ಮುಖ ಹೇಗಿತ್ತೆಂದು ನಮಗೆ ತಿಳಿಯುವ ಬಗೆಯಿಲ್ಲ. ಅವನ ಪದ ಉಳಿದಿದೆ, ರೂಪ ಉಳಿದಿಲ್ಲ. ನಮ್ಮ ಕಾಲದ ಮಾತು ಇದಕ್ಕೆ ತಿರುಗುಮುರುಗಾಗುತ್ತಿದೆಯೆ ಎಂಬ ಅಂಜಿಕೆ ನನಗುಂಟು. ಎಲ್ಲರ ರೂಪವೂ ಸಾವಿರಗಟ್ಟಲೆಯಾಗಿ ಉಳಿಯುತ್ತಿದೆ. ಅವರು ಯಾರೆಂದು ಹೇಳುವ ಪದ ಮಾತ್ರ ಅಳಿದುಹೋಗುತ್ತಿದೆ.

ಪೇಟೆಯಿಂದ ಬದಿಯಡ್ಕದ ದಾರಿ ಹಿಡಿದು ನಾಯ್ಕಾಪಿನ ಬಳಿ ತಿರುಗಿದರೆ ಅನಂತಪುರ. ಮುರಕಲ್ಲಿನ ವಿಶಾಲವಾದ ಬಯಲಿನ ನಡುವೆ ಕೆರೆ, ಕೆರೆಯ ನಡುವೆ ಗುಡಿ. ಈ ಕೆರೆಯಲ್ಲಿ ಬಹುಕಾಲ ಬಾಳಿದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್ 9ರಂದು ತೀರಿಕೊಂಡಾಗ ಊರಿಗೆ ಊರೇ ಬಂದು ಅಂತಿಮ ದರ್ಶನ ಪಡೆಯಿತು. 2023ರ ನವೆಂಬರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಬಬಿಯಾನ ಚಿತ್ರ ಯಾರ ಮೊಬೈಲಿನಲ್ಲಿ ಇರಲಿಲ್ಲ? ಆದರೆ ‘ಒಂದು ಒಳ್ಳೆಯ ಚಿತ್ರ ಶಾಲೆಯ ಗೋಡೆಗೆ ಬೇಕು’ ಎಂದು ನಾನು ನಮ್ಮ ಮಕ್ಕಳನ್ನು ಕೇಳಿದಾಗ, ಒಬ್ಬನ ಫೋನು ಒಡೆದಿತ್ತು, ಒಬ್ಬಳ ಅಣ್ಣ ಹೊಸ ಫೋನು ಕೊಂಡಿದ್ದನು, ಉಳಿದವರಲ್ಲಿದ್ದುದು ಹತ್ತು ಕೈ ದಾಟಿ ಮಸುಕಾದ ಪ್ರತಿಗಳು. ಕಾಗದದ ಮೇಲೆ ಇಳಿದ ಚಿತ್ರ ಒಂದು ಮನೆಯಲ್ಲಿಯೂ ಸಿಗಲಿಲ್ಲ.

ಹೀಗೆಂದು ಹಿಂದಿನದೆಲ್ಲವೂ ಚಿನ್ನ, ಇಂದಿನದೆಲ್ಲವೂ ಕಾಗೆಬಂಗಾರ ಎನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ಹಿಂದಿನ ಪದ್ಧತಿಯ ಕಷ್ಟಗಳನ್ನು ಬಲ್ಲವರು ಹಾಗೆ ಹೇಳಲಾರರು. ನನ್ನ ಬಾಲ್ಯದಲ್ಲಿ ಚಿತ್ರ ತೆಗೆಸುವುದೆಂದರೆ ಒಂದು ಪ್ರಯಾಣ. ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ಮರದ ಕುರ್ಚಿ, ‘ಕಣ್ಣು ಮುಚ್ಚಬೇಡ’ ಎಂಬ ಎಚ್ಚರಿಕೆ, ‘ಮುಂದಿನ ವಾರ ಬನ್ನಿ’ ಎಂಬ ವಾಯಿದೆ. ಅನುಕೂಲಸ್ಥರ ಮನೆಗಳಲ್ಲಿ ವಡೋದರದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾ ಇರುತ್ತಿತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಮದುವೆಯೊಂದಕ್ಕೆ ಹನ್ನೆರಡು ಚಿತ್ರಗಳೆಂದರೆ ಯಾರನ್ನು ನಿಲ್ಲಿಸುವುದು, ಯಾರನ್ನು ಬಿಡುವುದು ಎಂದು ಮನೆಯ ಯಜಮಾನರು ಲೆಕ್ಕ ಹಾಕಬೇಕಾಗುತ್ತಿತ್ತು.

ಸ್ಟುಡಿಯೋದ ಹಿಂಬದಿಯಲ್ಲಿದ್ದ ಕತ್ತಲೆ ಕೋಣೆಯ ಕೆಲಸ ಇನ್ನೂ ಕಷ್ಟದ್ದು. ಕಾಗದಕ್ಕೆ ಹಚ್ಚಿದ ಜೆಲಾಟಿನ್ ಪದರದಲ್ಲಿ ಬೆಳ್ಳಿಯ ಲವಣಗಳಿರುತ್ತವೆ. ನೆಗೆಟಿವಿನ ಮೂಲಕ ಬಿದ್ದ ಬೆಳಕು ಅವುಗಳಲ್ಲಿ ಕಣ್ಣಿಗೆ ಕಾಣದ ಗುರುತೊಂದನ್ನು ಮೂಡಿಸುತ್ತದೆ. ಡೆವಲಪರಿನ ತಟ್ಟೆಯಲ್ಲಿ ಆ ಗುರುತು ಕಪ್ಪು ಬೆಳ್ಳಿಯಾಗಿ ಬೆಳೆಯುತ್ತದೆ. ಹೈಪೋ ದ್ರಾವಣವು ಬೆಳಕು ತಾಗದೆ ಉಳಿದ ಲವಣವನ್ನು ಕರಗಿಸಿ ತೆಗೆಯುತ್ತದೆ. ಕೊನೆಗೆ ಹರಿಯುವ ನೀರಿನಲ್ಲಿ ದೀರ್ಘಕಾಲ ತೊಳೆಯಬೇಕು. ದ್ರಾವಣಗಳು 20 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಪೊಟ್ಟಣದ ಮೇಲೆ ಅಚ್ಚಾಗಿರುತ್ತಿತ್ತು. ಅದು ಚಳಿನಾಡಿನವರ ಲೆಕ್ಕ. ನಮ್ಮ ಕರಾವಳಿಯ ನೀರು ವರ್ಷದ ಬಹುಪಾಲು ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಬೆಚ್ಚಗಿನ ನೀರಿನಲ್ಲಿ ಜೆಲಾಟಿನ್ ಊದಿಕೊಂಡು ಮೆತ್ತಗಾಗುತ್ತದೆ, ಉಗುರು ತಾಗಿದರೂ ಕಿತ್ತುಬರುತ್ತದೆ. ಆದುದರಿಂದ ಇಲ್ಲಿನ ಕುಶಲಿಗಳು ತಟ್ಟೆಯ ಸುತ್ತ ಮಂಜುಗಡ್ಡೆ ಇಟ್ಟು, ಇಲ್ಲವೆ ರಾತ್ರಿಯ ತಂಪಿಗಾಗಿ ಕಾದು ಕೆಲಸ ಮಾಡುತ್ತಿದ್ದರು. ಅವರ ಹೆಸರು ಚಿತ್ರದ ರಟ್ಟಿನ ಮೂಲೆಯಲ್ಲಿ ಒತ್ತುಮುದ್ರೆಯಾಗಿ ಮಾತ್ರ ಉಳಿಯಿತು.

ಕಾಗದ ಮತ್ತು ಫಿಲ್ಮುಗಳಿಗಾಗಿ ಪರದೇಶವನ್ನೇ ನಂಬಿದ್ದ ದೇಶದಲ್ಲಿ 1960ರಲ್ಲಿ ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆ ಸ್ಥಾಪನೆಯಾಯಿತು. 1967ರಿಂದ ಅಲ್ಲಿ ಉತ್ಪಾದನೆ ನಡೆಯಿತು. ‘ಇಂದು’ ಎಂಬ ಹೆಸರಿನ ಅದರ ಫಿಲ್ಮುಗಳೂ ಕಾಗದಗಳೂ ಹಳ್ಳಿಹಳ್ಳಿಯ ಸ್ಟುಡಿಯೋಗಳನ್ನು ತಲಪಿದವು. ಡಿಜಿಟಲ್ ಕ್ಯಾಮರಾ ಬಂದ ಮೇಲೆ ಆ ಕಾರ್ಖಾನೆ ನಿಂತುಹೋಯಿತು. ಅದರ ಹಿಂದೆಯೇ ನಮ್ಮ ಪೇಟೆಗಳ ಕತ್ತಲೆ ಕೋಣೆಗಳು ಒಂದೊಂದಾಗಿ ಉಗ್ರಾಣಗಳಾದವು.

ಹಳೆಯ ಚಿತ್ರಗಳಾದರೂ ನಮ್ಮ ಮನೆಗಳಲ್ಲಿ ಸುಖವಾಗಿವೆಯೆ ಎಂದರೆ ಅದೂ ಇಲ್ಲ. ಜೂನಿನಿಂದ ಸೆಪ್ಟೆಂಬರದವರೆಗೆ ಸುರಿಯುವ ಮಳೆಯಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸಲು ಹಿಡಿಯುತ್ತದೆ. ಜೆಲಾಟಿನ್ ಎಂಬುದು ಬೂಸಲಿಗೆ ಪ್ರಿಯವಾದ ಆಹಾರ. ಗಾಜಿಗೆ ಅಂಟಿದ ಚಿತ್ರ ಮತ್ತೆ ಬಿಟ್ಟುಬರುವುದಿಲ್ಲ. ಇನ್ನೊಂದು ವಿಚಿತ್ರವನ್ನು ಗಮನಿಸಿರಬಹುದು: ಅಜ್ಜನ ಮದುವೆಯ ಕಪ್ಪು-ಬಿಳುಪು ಚಿತ್ರ ಇನ್ನೂ ಗಟ್ಟಿಯಾಗಿದೆ, ಅಪ್ಪನ ಮದುವೆಯ ಬಣ್ಣದ ಚಿತ್ರ ಮಾತ್ರ ಕೆಂಪಡರಿದೆ. ಮೊದಲಿನದು ಬೆಳ್ಳಿಯ ಚಿತ್ರ. ಚೆನ್ನಾಗಿ ತೊಳೆದಿದ್ದರೆ ನೂರು ವರ್ಷಕ್ಕೂ ಬಗ್ಗದು. ಎರಡನೆಯದು ಬಣ್ಣದ ರಂಜಕಗಳ ಚಿತ್ರ. ಆ ಕಾಲದ ಕಾಗದಗಳಲ್ಲಿ ನೀಲಿ-ಹಸುರು ರಂಜಕವು ಕತ್ತಲೆಯಲ್ಲಿ ಮುಚ್ಚಿಟ್ಟರೂ ಮಾಸುತ್ತದೆ, ಉಳಿದ ಬಣ್ಣಗಳು ಮೇಲೆದ್ದು ಕಾಣುತ್ತವೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಾದುದು ಅನಂತಪುರದ ಸಮೀಪದ ಒಂದು ಮನೆಯಲ್ಲಿ ಕಂಡ ಚಿತ್ರ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಕ್ಕಳ ಹಾಜರಿಯ ವಿಷಯ ಮಾತಾಡಲು ಹೋದ ನನ್ನನ್ನು ಜಗಲಿಯಲ್ಲಿ ಕುಳ್ಳಿರಿಸಿ, ಬೆಲ್ಲ-ನೀರು ಕೊಟ್ಟು, ಒಳಗಿನಿಂದ ರಟ್ಟಿಗೆ ಅಂಟಿಸಿದ ಒಂದು ದೊಡ್ಡ ಚಿತ್ರವನ್ನು ತಂದರು. ತಾಳಮದ್ದಳೆಯ ಕೂಟ. ಚಾಪೆಯ ಮೇಲೆ ಒಂಬತ್ತು ಮಂದಿ. ನಡುವೆ ಮದ್ದಳೆ, ಬದಿಯಲ್ಲಿ ಕಾಲುದೀಪ.

‘‘ಇದರಲ್ಲಿ ನನ್ನ ಅಪ್ಪ ಯಾರು, ಹೇಳಿ ನೋಡುವ ಮಾಷ್ಟ್ರೇ’’ ಎಂದರು.

ನನಗೆ ಗೊತ್ತಾಗಲಿಲ್ಲ. ಅವರು ನಕ್ಕು ಚಿತ್ರವನ್ನು ಮಗುಚಿದರು. ಹಿಂಬದಿಯಲ್ಲಿ ಪೆನ್ಸಿಲಿನ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಎಡದಿಂದ ಬಲಕ್ಕೆ ಒಂಬತ್ತು ಹೆಸರುಗಳು, ಪ್ರಸಂಗದ ಹೆಸರು, ತಾರೀಕು, ಊರು. ಬರೆದವರು ಅವರ ತಂದೆಯೇ. ಕೊಲ್ಲಿ ರಾಷ್ಟ್ರದಲ್ಲಿರುವ ಮೊಮ್ಮಗ ಕಳೆದ ಸಲ ಬಂದಾಗ ಈ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕುಟುಂಬದವರಿಗೆಲ್ಲ ಕಳುಹಿಸಿದ್ದಾನೆ. ತೆಗೆದುದು ಮುಂಬದಿಯನ್ನು ಮಾತ್ರ. ಅವನ ಮಗಳಿಗೆ ಕನ್ನಡ ಓದಲು ಬಾರದು.

‘‘ಮುಖ ಎಲ್ಲರಿಗೂ ಹೋಯಿತು ಮಾಷ್ಟ್ರೇ, ಹೆಸರು ನನ್ನ ಹತ್ತಿರವೇ ಉಳಿಯಿತು’’ ಎಂದರು ಅಜ್ಜಿ.

ಗಡಿಯಲ್ಲಿ ಬಾಳುವ ನಮಗೆ ಈ ಮಾತಿನ ತೂಕ ಬೇರೆಯೇ. ನಮ್ಮ ಮನೆಗಳು ನಿಂತ ನೆಲದಲ್ಲಿಯೇ ಇವೆ, ವಿಳಾಸ ಮಾತ್ರ ಬದಲಾಗಿದೆ. 1956ರ ಅಕ್ಟೋಬರ್ 31ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ, ಮರುದಿನದಿಂದ ಕೇರಳ, ಬಳಿಕ ಕಣ್ಣೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಹಳೆಯ ಚಿತ್ರದ ಹಿಂದೆ ಬರೆದ ಊರು-ಜಿಲ್ಲೆಯ ಹೆಸರೇ ಎಷ್ಟೋ ಸಲ ಅದರ ಕಾಲವನ್ನು ಹೇಳಿಬಿಡುತ್ತದೆ. ಇಂಥ ಬರಹಗಳೆಲ್ಲ ಕನ್ನಡದಲ್ಲಿವೆ. ಓದುವ ಕಣ್ಣುಗಳು ಮನೆಯಲ್ಲಿ ಕಡಮೆಯಾದಂತೆ ಚಿತ್ರಗಳು ಮೂಕವಾಗುತ್ತವೆ. ಒಂದು ತಲೆಮಾರು ಕಳೆದರೆ ಅವು ಹೆಸರಿಲ್ಲದವರ ಗುಂಪು. ಎರಡು ತಲೆಮಾರು ಕಳೆದರೆ ಗುಜರಿಯವನ ಗೋಣಿ.

ಇದಕ್ಕೆ ಪರಿಹಾರವನ್ನು ಹೊಸ ವಿದ್ಯೆಯೊಂದರಲ್ಲಿಯೇ ಅಥವಾ ಹಳೆಯ ವಿದ್ಯೆಯೊಂದರಲ್ಲಿಯೇ ಹುಡುಕಬೇಕಾಗಿಲ್ಲ. ಎರಡನ್ನೂ ಬೆಸೆಯುವ ಬಗೆಯೊಂದು ಜಗತ್ತಿನ ದೊಡ್ಡ ಕಲಾವಿದರಿಂದಲೇ ನಡೆದುಬಂದಿದೆ. ಬ್ರೆಜಿಲ್ ದೇಶದ ಸೆಬಾಸ್ಟಿಯೊ ಸಲ್ಗಾಡೊ (1944–2025) ಕಪ್ಪು-ಬಿಳುಪು ಚಿತ್ರಗಳಿಗೆ ಲೋಕಪ್ರಸಿದ್ಧರು. ‘ಜೆನಿಸಿಸ್’ ಎಂಬ ತಮ್ಮ ಮಹಾಸಂಕಲನಕ್ಕಾಗಿ ಅವರು 2004ರಿಂದ ಭೂಮಿಯ ಮೂಲೆಮೂಲೆಗಳನ್ನು ಸುತ್ತಿದರು. ವಿಮಾನ ನಿಲ್ದಾಣಗಳ ಎಕ್ಸ್-ರೇ ತಪಾಸಣೆಯಲ್ಲಿ ಫಿಲ್ಮುಗಳು ಕೆಡುವ ಉಪದ್ರವದಿಂದ ಬೇಸತ್ತು 2008ರಲ್ಲಿ ಡಿಜಿಟಲ್ ಕ್ಯಾಮರಾ ಹಿಡಿದರು. ಆದರೆ ಪ್ರದರ್ಶನದ ಚಿತ್ರಗಳಿಗಾಗಿ ಆ ಡಿಜಿಟಲ್ ಕಡತಗಳಿಂದ ಮರಳಿ 4×5 ಅಂಗುಲದ ಫಿಲ್ಮ್ ನೆಗೆಟಿವುಗಳನ್ನು ಮಾಡಿಸಿ, ಕತ್ತಲೆ ಕೋಣೆಯಲ್ಲಿ ಬೆಳ್ಳಿಯ ಕಾಗದದ ಮೇಲೆಯೇ ಪ್ರತಿ ತೆಗೆಸಿದರು. ಹಿಡಿಯುವ ಕೈ ಹೊಸತು, ಇಳಿಸುವ ಕೈ ಹಳೆಯದು.

ಅಷ್ಟು ದೊಡ್ಡ ಸಲಕರಣೆ ನಮಗೆ ನಿಲುಕದು. ಅದಕ್ಕೊಂದು ಬಡವರ ದಾರಿಯಿದೆ. ಅಮೆರಿಕದ ಡ್ಯಾನ್ ಬರ್ಕ್‌ಹೋಲ್ಡರ್ ಎಂಬ ಛಾಯಾಗ್ರಾಹಕರು ಡಿಜಿಟಲ್ ನೆಗೆಟಿವುಗಳನ್ನು ಮಾಡುವ ಕ್ರಮದ ಮೇಲೆ 1995ರಲ್ಲಿಯೇ ಒಂದು ಪುಸ್ತಕ ಪ್ರಕಟಿಸಿದರು. ಆ ದಾರಿ ಇಂದು ಬಹಳ ಸುಲಭವಾಗಿದೆ. ಕಂಪ್ಯೂಟರಿನಲ್ಲಿ ಚಿತ್ರವನ್ನು ತಿರುಗಿಸಿ, ಬಿಳುಪನ್ನು ಕಪ್ಪಾಗಿ, ಕಪ್ಪನ್ನು ಬಿಳುಪಾಗಿ ಮಾಡಿ, ಪಾರದರ್ಶಕ ಹಾಳೆಯ ಮೇಲೆ ಮನೆಯ ಇಂಕ್‌ಜೆಟ್ ಪ್ರಿಂಟರಿನಿಂದ ಅಚ್ಚು ಹಾಕಿದರೆ ಅದೇ ನೆಗೆಟಿವ್. ನಮ್ಮ ಶಿಕ್ಷಕ ತರಬೇತಿಯ ದಿನಗಳಲ್ಲಿ ಓವರ್‌ಹೆಡ್ ಪ್ರೊಜೆಕ್ಟರಿನ ಮೇಲಿಟ್ಟು ಪಾಠ ಮಾಡುತ್ತಿದ್ದ ಹಾಳೆಯ ಜಾತಿಯೇ ಅದು. ಇಂಕ್‌ಜೆಟ್ ಶಾಯಿ ಹಿಡಿಯುವ ಲೇಪ ಇರಬೇಕಷ್ಟೆ.

ನೆಗೆಟಿವ್ ಸಿದ್ಧವಾದ ಮೇಲೆ ಬೆಳ್ಳಿಯ ಕಾಗದವೇ ಬೇಕೆಂದಿಲ್ಲ. 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಎಂಬ ಖಗೋಲ ವಿಜ್ಞಾನಿ ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ಮೂಡಿಸುವ ಕ್ರಮವನ್ನು ಕಂಡುಹಿಡಿದನು. ಅದೇ ಸಯನೋಟೈಪ್. ಮರುವರ್ಷ ಅನ್ನಾ ಅಟ್ಕಿನ್ಸ್ ಎಂಬ ಮಹಿಳೆ ಕಡಲಿನ ಪಾಚಿಗಳನ್ನು ಕಾಗದದ ಮೇಲಿಟ್ಟು ಬಿಸಿಲಿನಿಂದಲೇ ಚಿತ್ರ ಪಡೆದು, ಛಾಯಾಚಿತ್ರಗಳಿರುವ ಗ್ರಂಥವನ್ನು ಹೊರತರಲಾರಂಭಿಸಿದಳು. ಮುಂದೆ ಇಂಜಿನಿಯರರು ಕಟ್ಟಡಗಳ ನಕ್ಷೆಗೆ ಪ್ರತಿ ತೆಗೆಯಲು ಇದನ್ನೇ ಬಳಸಿದರು. ಪ್ರಶ್ನೆಪತ್ರಿಕೆಗೆ ಮೊದಲು ‘ನೀಲನಕಾಶೆ’ ತಯಾರಿಸಬೇಕೆಂದು ತರಬೇತಿಯಲ್ಲಿ ನಮಗೆ ಬೋಧಿಸುತ್ತಿದ್ದರಲ್ಲವೆ? ಆ ನೀಲಿ ಎಲ್ಲಿಯದೆಂದು ಅಂದು ಯಾರೂ ಕೇಳಲಿಲ್ಲ. ಅದು ಈ ಕಬ್ಬಿಣದ ನೀಲಿ.

ಕ್ರಮ ಹೀಗಿದೆ. ಹಸುರು ಬಣ್ಣದ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಮನ್ನು 100 ಮಿಲಿಲೀಟರ್ ಬಟ್ಟಿಯಿಳಿಸಿದ ನೀರಿನಲ್ಲಿಯೂ, ಪೊಟಾಸಿಯಂ ಫೆರಿಸಯನೈಡ್ 10 ಗ್ರಾಮನ್ನು ಇನ್ನೊಂದು 100 ಮಿಲಿಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಬೇಕು. ಬೇಕಾದಾಗ ಎರಡನ್ನೂ ಸಮಪಾಲಿನಲ್ಲಿ ಬೆರೆಸಿ, ದಪ್ಪನೆಯ ಹತ್ತಿಯ ಕಾಗದಕ್ಕೆ ಕುಂಚದಿಂದ ಹಚ್ಚಿ, ಕತ್ತಲೆಯಲ್ಲಿ ಒಣಗಿಸಬೇಕು. ಇದಕ್ಕೆ ಕೆಂಪು ದೀಪವೂ ಬೇಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಮಂದ ಬಲ್ಬು ಸಾಕು. ಒಣಗಿದ ಹಳದಿ-ಹಸುರು ಕಾಗದದ ಮೇಲೆ ಶಾಯಿಯ ಬದಿ ಕೆಳಗಾಗುವಂತೆ ನೆಗೆಟಿವನ್ನು ಇಟ್ಟು, ಮೇಲೆ ಗಾಜು ಒತ್ತಿ, ಬಿಸಿಲಿಗೆ ಇಡಬೇಕು. ಶಾಯಿಯ ಬದಿ ಕೆಳಗೆ ಬರುವುದರಿಂದ ಕಂಪ್ಯೂಟರಿನಲ್ಲಿಯೇ ಚಿತ್ರವನ್ನು ಎಡಬಲ ಮಾಡಿಕೊಂಡಿರುವುದು ಅವಶ್ಯ. ಅಕ್ಷರಗಳಿದ್ದರಂತೂ ಇದನ್ನು ಮರೆಯಲೇಬಾರದು.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ತಾಗಿದಲ್ಲಿ ಕಬ್ಬಿಣದ ಲವಣದ ಸ್ವಭಾವ ಬದಲಾಗಿ, ಫೆರಿಸಯನೈಡಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಗಾಢ ನೀಲಿಯಾಗುತ್ತದೆ. ತಾಗದಲ್ಲಿ ಲವಣ ಲವಣವಾಗಿಯೇ ಉಳಿದು ನೀರಿನಲ್ಲಿ ತೊಳೆದುಹೋಗುತ್ತದೆ. ತೊಳೆಯಲು ಬರಿಯ ನೀರು. ಅದು 20 ಡಿಗ್ರಿ ಇರಲಿ, 28 ಡಿಗ್ರಿ ಇರಲಿ, ಬಾಧಕವಿಲ್ಲ. ಚಳಿನಾಡಿನ ಲೆಕ್ಕದಿಂದ ಬಿಡುಗಡೆ! ಫೆರಿಸಯನೈಡಿಗೆ ತೀವ್ರ ಆಮ್ಲ ಮತ್ತು ಬೆಂಕಿಯ ಸಂಪರ್ಕ ಸಲ್ಲದು, ವಿಷಾನಿಲ ಹೊಮ್ಮಬಹುದು. ಆದುದರಿಂದ ಕೈಗವಸು ತೊಟ್ಟು, ದ್ರಾವಣ ಬೆರೆಸುವ ಕೆಲಸವನ್ನು ಹಿರಿಯರೇ ಮಾಡಬೇಕು. ಅಡಿಗೆಮನೆಯ ಪಾತ್ರೆಗಳನ್ನು ಇದಕ್ಕೆ ಮುಟ್ಟಬಾರದು.

ನಮ್ಮ ಮಕ್ಕಳೊಂದಿಗೆ ಇದನ್ನು ಪರೀಕ್ಷಿಸಿದುದು ಆರಿಕ್ಕಾಡಿ ಕೋಟೆಯ ಚಿತ್ರದಿಂದ. ಪೇಟೆಯ ಬಡಗು ಬದಿಯಲ್ಲಿ ಹೊಳೆಗೆ ಮುಖಮಾಡಿ, ಹೆದ್ದಾರಿಗೆ ತಾಗಿಕೊಂಡು ನಿಂತ ಮುರಕಲ್ಲಿನ ಗೋಡೆಗಳು ಅವು. ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಿಗೆ ಅಗಲಿಸುವ ಕಾಮಗಾರಿಯಿಂದ ಈ ದಾರಿಯ ಚಹರೆಯೇ ಬದಲಾಗಿದೆ. ನೆರಳು ಕೊಡುತ್ತಿದ್ದ ಮರಗಳೂ, ಹಂಚಿನ ಮಾಡಿನ ಅಂಗಡಿಗಳೂ ಹೋದವು. ಉಳಿದುದನ್ನಾದರೂ ಕಣ್ತುಂಬ ನೋಡಿರೆಂದು ಮಕ್ಕಳಿಗೆ ಹೇಳಿದೆ. ಒಬ್ಬೊಬ್ಬರಿಗೆ ಒಂದೇ ಚಿತ್ರ ಎಂಬ ನಿಯಮ. ಹನ್ನೆರಡು ಚಿತ್ರಗಳ ಸುರುಳಿಯ ಶಿಸ್ತನ್ನು ಮೊಬೈಲಿಗೂ ತಂದರೆ ಏನಾಗುವುದೆಂದು ಕಾಣುವ ಆಸೆ. ಮಕ್ಕಳು ಗೋಡೆಯ ಸುತ್ತ ಎರಡು ಸಲ ನಡೆದು, ಬಿಸಿಲು ಓರೆಯಾಗುವವರೆಗೆ ಕಾದು, ಆಮೇಲೆ ತೆಗೆದರು.

ಶಾಲೆಯ ಅಂಗಳದಲ್ಲಿ ಮೊದಲು ಸಮಯದ ಪರೀಕ್ಷೆ. ಕಾಗದದ ಒಂದು ಪಟ್ಟಿಯನ್ನು ಬಿಸಿಲಿಗಿಟ್ಟು, ಎರಡೆರಡು ನಿಮಿಷಕ್ಕೊಮ್ಮೆ ರಟ್ಟನ್ನು ಸರಿಸುತ್ತ, ಎರಡು, ನಾಲ್ಕು, ಆರು, ಎಂಟು ನಿಮಿಷಗಳ ನೀಲಿಗಳನ್ನು ಪಡೆದು ಹೋಲಿಸಿದೆವು. ಕತ್ತಲೆ ಕೋಣೆಯ ಹಳಬರು ಎನ್‌ಲಾರ್ಜರಿನ ಕೆಳಗೆ ಮಾಡುತ್ತಿದ್ದ ಪರೀಕ್ಷೆಯೇ ಇದು. ಕಂಪ್ಯೂಟರಿನ ಪರದೆಯ ಮೇಲೆ ಚಂದ ಕಂಡ ಚಿತ್ರ ಕಾಗದದ ಮೇಲೂ ಹಾಗೆಯೇ ಬರುತ್ತದೆಂದು ತಿಳಿಯಬಾರದು. ಬಿಳುಪಿನಿಂದ ಕಪ್ಪಿಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಬೂದು ಪಟ್ಟಿಯೊಂದನ್ನು ಮೊದಲು ಅಚ್ಚು ಹಾಕಿ, ಯಾವ ಮೆಟ್ಟಿಲುಗಳು ನೀಲಿಯಲ್ಲಿ ಒಂದಾಗಿ ಮುಳುಗಿದುವೆಂದು ನೋಡಿ, ಅದಕ್ಕೆ ತಕ್ಕಂತೆ ನೆಗೆಟಿವಿನ ಛಾಯೆಗಳನ್ನು ಕಂಪ್ಯೂಟರಿನಲ್ಲಿ ತಿದ್ದಬೇಕು. ಇಲ್ಲಿ ಯಂತ್ರ ಕೈಗೆ ಪಾಠ ಹೇಳುವುದಿಲ್ಲ. ಬಿಸಿಲು ಮತ್ತು ಕಾಗದಗಳು ಯಂತ್ರಕ್ಕೆ ಪಾಠ ಹೇಳುತ್ತವೆ.

ತೊಳೆದ ಕಾಗದದಲ್ಲಿ ಕೋಟೆ ಮೆಲ್ಲಗೆ ಎದ್ದುಬಂದಾಗ ಮಕ್ಕಳ ಗದ್ದಲ ನಿಂತುಹೋಯಿತು. ಮುರಕಲ್ಲಿನ ಒಂದೊಂದು ತೂತಿನಲ್ಲಿಯೂ ನೀಲಿ ತುಂಬಿತ್ತು. ಕಾಗದ ಒಣಗುತ್ತ ಬಂದಂತೆ ಆ ನೀಲಿ ಇನ್ನೂ ಗಾಢವಾಯಿತು. ಒಂದೇ ನೆಗೆಟಿವಿನಿಂದ ನಾಲ್ಕು ಮಂದಿ ನಾಲ್ಕು ಪ್ರತಿ ತೆಗೆದರು. ಕುಂಚದ ಓಟ, ಮೋಡ ಸರಿದ ಗಳಿಗೆ, ತೊಳೆದ ತಾಳ್ಮೆ ಬೇರೆ ಬೇರೆಯಾದುದರಿಂದ ನಾಲ್ಕೂ ಬೇರೆ ಬೇರೆ ಚಿತ್ರಗಳಾದವು. ಕಲೆಯ ಪೇಟೆಯಲ್ಲಿ ಇಂಥ ಪ್ರತಿಗಳಿಗೆ ಬೆಲೆ ಬರುವುದು ಇದಕ್ಕಾಗಿಯೇ. ಒಂದನ್ನು ನಾವು ಚಹದ ಕಷಾಯದಲ್ಲಿ ಅದ್ದಿದೆವು. ಚಹದಲ್ಲಿರುವ ಒಗರು ಕಬ್ಬಿಣದೊಂದಿಗೆ ಕೂಡಿ ನೀಲಿಯನ್ನು ಕಪ್ಪಿನೆಡೆಗೆ ತಿರುಗಿಸಿತು. ನಮ್ಮ ಹಿರಿಯರು ಅಳಲೆಕಾಯಿಯ ಒಗರಿಗೆ ಕಬ್ಬಿಣ ಬೆರೆಸಿ ಶಾಯಿ ಮಾಡುತ್ತಿದ್ದ ರಸಾಯನವೂ ಇದುವೇ ಅಲ್ಲವೆ?

ಇನ್ನು ಅಜ್ಜಿಯ ತಾಳಮದ್ದಳೆಯ ಚಿತ್ರ. ಅದನ್ನು ಅವರ ಜಗಲಿಯಿಂದ ಹೊರಗೆ ಒಯ್ಯಲಿಲ್ಲ. ಅಲ್ಲಿಯೇ ನೆರಳಿನ ಬೆಳಕಿನಲ್ಲಿ, ಹೊಳಪು ಬೀಳದಂತೆ, ಮೇಲಿನಿಂದ ನೇರವಾಗಿ ಎರಡೂ ಬದಿಗಳ ಪ್ರತಿ ತೆಗೆದುಕೊಂಡೆವು. ಕಂಪ್ಯೂಟರಿನಲ್ಲಿ ಬೂಸಲಿನ ಚುಕ್ಕೆಗಳನ್ನು ಒರಸಿದೆವು. ಮುಖಗಳ ಮೇಲೆ ಕೈಯಾಡಿಸಲಿಲ್ಲ. ಇಲ್ಲದ ಕಣ್ಣುಮೂಗುಗಳನ್ನು ತಾನೇ ಊಹಿಸಿ ಬಿಡಿಸುವ ಹೊಸ ತಂತ್ರಾಂಶಗಳಿವೆ, ಆದರೆ ಅಜ್ಜನ ಮುಖವನ್ನು ಯಂತ್ರದ ಊಹೆಗೆ ಬಿಡುವುದು ನನಗೆ ಸರಿಯೆನಿಸದು. ಬಳಿಕ ಹಿಂಬದಿಯ ಪೆನ್ಸಿಲಿನ ಅಕ್ಷರಗಳನ್ನು ಸ್ವಲ್ಪ ಗಟ್ಟಿಗೊಳಿಸಿ, ಚಿತ್ರದ ಕೆಳಗೇ ಜೋಡಿಸಿ, ಎರಡನ್ನೂ ಒಂದೇ ನೆಗೆಟಿವ್ ಮಾಡಿದೆವು. ಹಳೆಯ ಕತ್ತಲೆ ಕೋಣೆಯಲ್ಲಿ ಈ ಜೋಡಣೆಗೆ ದಿನಗಳೇ ಬೇಕಾಗುತ್ತಿದ್ದವು. ಬರಿಯ ಮೊಬೈಲಿನಲ್ಲಿ ಬಿಟ್ಟಿದ್ದರೆ ಅದು ಕಾಗದವನ್ನು ಕಾಣುತ್ತಿರಲಿಲ್ಲ. ಆರು ನಿಮಿಷದ ಬಿಸಿಲಿನಲ್ಲಿ ಒಂಬತ್ತು ಮಂದಿಯೂ, ಅವರ ಕೆಳಗೆ ಅವರ ಹೆಸರುಗಳೂ, ಬರೆದವರ ಕೈಬರಹದಲ್ಲಿಯೇ ನೀಲಿಯಾಗಿ ಮೂಡಿದವು.

ಅಜ್ಜಿ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಐದನೆಯವರಲ್ಲಿ ಬೆರಳು ನಿಂತಿತು. ‘‘ಅಪ್ಪ’’ ಎಂದರು. ಮೊಮ್ಮಗನಿಗೊಂದು, ಬೆಂಗಳೂರಿನ ಮಗಳಿಗೊಂದು, ಮನೆಗೊಂದು ಎಂದು ಮೂರು ಪ್ರತಿಗಳಾದವು. ಮೊಮ್ಮಗನ ಪ್ರತಿಯ ಅಂಚಿನಲ್ಲಿ ಅದೇ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಬರೆಯೋಣವೆ ಎಂದು ಕೇಳಿದುದಕ್ಕೆ ಅವರು ಸ್ವಲ್ಪ ಯೋಚಿಸಿ, ‘‘ಬರೆಯಿರಿ, ಆದರೆ ಕೆಳಗೆ ಬರೆಯಿರಿ, ಮೇಲಿನದನ್ನು ಓದುವುದಕ್ಕೆ ಅವಳು ಕಲಿಯಲಿ’’ ಎಂದರು.

ಕನ್ನಡನಾಡಿನ ಒಳ್ಳೆಯ ಛಾಯಾಗ್ರಾಹಕರಿಗೆ ಸಾಧನ ಹೊಸತೋ ಹಳೆಯದೋ ಎಂಬ ಜಗಳ ಇದ್ದಂತೆ ಕಾಣದು. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರಕ್ಕಾಗಿ ಕೆರೆಯ ಬದಿಯಲ್ಲಿ ಗಂಟೆಗಟ್ಟಲೆ ಕಾದರು. ಕಂಪ್ಯೂಟರಿನಲ್ಲಿ ಕನ್ನಡ ಸಲೀಸಾಗಿ ಓಡಬೇಕೆಂದು ಅಷ್ಟೇ ಹಟದಿಂದ ದುಡಿದರು. ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ (1923–2009) ತಮ್ಮ ಕಪ್ಪು-ಬಿಳುಪು ಚಿತ್ರಗಳಲ್ಲಿ ಸಾಮಾನ್ಯರ ಬಾಳನ್ನೇ ಹಿಡಿದರು. 2023ರಲ್ಲಿ ಬೆಂಗಳೂರಿನಲ್ಲಿ ಕಟ್ಟಡದ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ ಸಂಸ್ಥೆ ಅವರ ಚಿತ್ರಗಳನ್ನು ಕಾಪಿಟ್ಟುಕೊಂಡಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ತೆಗೆಸಿದ ನಮ್ಮ ಜಿಲ್ಲೆಯ ಹಳೆಯ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಭಂಡಾರದಲ್ಲಿವೆ. ಅವನ್ನು ಇಂದು ಕುಂಬಳೆಯ ಜಗಲಿಯಲ್ಲಿ ಕುಳಿತು ಅಂತರ್ಜಾಲದಲ್ಲಿ ನೋಡಬಹುದು. ಡಿಜಿಟಲ್ ವಿದ್ಯೆಯ ಉಪಕಾರ ಇದು. ಅಲ್ಲಿಯೂ ಬೆಲೆ ಬಂದಿರುವುದು ಚಿತ್ರದೊಂದಿಗೆ ಊರು, ಕಾಲ, ಹೆಸರುಗಳನ್ನು ಬರೆದಿಟ್ಟುದಕ್ಕಾಗಿ.

ಹಾಗಾದರೆ ನಮ್ಮ ಮನೆಗಳಲ್ಲಿ ಏನು ಮಾಡಬಹುದು? ಸಯನೋಟೈಪಿನ ಗೋಜು ಬೇಡವೆನ್ನುವವರೂ ಮೊದಲ ಹೆಜ್ಜೆಯನ್ನು ಇಡಬಹುದು. ಪೆಟ್ಟಿಗೆಯ ಚಿತ್ರಗಳನ್ನು ಒಣಹವೆಯ ದಿನ ಹೊರತೆಗೆದು, ಮುಂಬದಿ ಹಿಂಬದಿ ಎರಡರ ಪ್ರತಿಯನ್ನೂ ತೆಗೆಯಬೇಕು. ಗಾಜಿಗೆ ಅಂಟಿದ್ದನ್ನು ಎಳೆಯಬಾರದು. ಗಾಜಿನ ಮೇಲಿನಿಂದಲೇ ಪ್ರತಿ ತೆಗೆದರೆ ಸಾಕು. ಬೂಸಲು ಹಿಡಿದುದನ್ನು ಒದ್ದೆ ಬಟ್ಟೆಯಿಂದ ಒರಸಬಾರದು. ಹೆಸರಿಲ್ಲದ ಚಿತ್ರಗಳ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಹೆಸರು ಬರೆಯಬೇಕು. ಬಾಲ್‌ಪೆನ್ನಿನ ಗೀರು ಮುಂಬದಿಯಲ್ಲಿಯೂ ಏಳುತ್ತದೆ. ಡಿಜಿಟಲ್ ಪ್ರತಿಗಳನ್ನು ಒಂದೇ ಫೋನಿನಲ್ಲಿ ನಂಬದೆ ಎರಡು ಮೂರು ಕಡೆ ಇಡಬೇಕು. ಮನೆಗೆ ಬೇಕಾದ ಹತ್ತು ಚಿತ್ರಗಳನ್ನಾದರೂ ಆರಿಸಿ ಕಾಗದಕ್ಕೆ ಇಳಿಸಬೇಕು. ನೀಲಿ ಪ್ರತಿ ಮಾಡಿದವರು ಅದನ್ನು ಸೋಪು, ಸೋಡಾಗಳ ನೀರಿನಿಂದಲೂ ಸದಾಕಾಲದ ಬಿಸಿಲಿನಿಂದಲೂ ದೂರವಿಡಬೇಕು. ಬೆಳಕಿನಿಂದ ಸ್ವಲ್ಪ ಮಾಸಿದರೂ ಕೆಲವು ದಿನ ಕತ್ತಲೆಯಲ್ಲಿಟ್ಟರೆ ಅದರ ನೀಲಿ ಬಹುಮಟ್ಟಿಗೆ ಮರಳುತ್ತದೆಂಬುದು ಈ ಪದ್ಧತಿಯ ಒಂದು ವಿಶೇಷ.

ಇದಕ್ಕೆಲ್ಲ ಜನವರಿ ತಿಂಗಳು ಪ್ರಶಸ್ತ. ಆಕಾಶ ನಿರ್ಮಲ, ಹವೆ ಒಣ, ಬಿಸಿಲು ಹದ. ಕಣಿಪುರದ ಜಾತ್ರೆಯೂ ಆಗಲೇ. ‘ಕುಂಬಳೆ ಬೆಡಿ’ಯನ್ನು ನೋಡಲೆಂದು ಮುಂಬಯಿ, ಬೆಂಗಳೂರು, ಕೊಲ್ಲಿನಾಡುಗಳಲ್ಲಿರುವವರು ಮನೆಗೆ ಬರುತ್ತಾರೆ, ಮುಖಗಳನ್ನು ಗುರುತಿಸಬಲ್ಲ ಹಿರಿಯರೂ, ಫೋನು ಹಿಡಿಯಬಲ್ಲ ಕಿರಿಯರೂ ಒಂದೇ ಸೂರಿನ ಕೆಳಗೆ ಸೇರುವ ನಾಲ್ಕು ದಿನ ಅದು. ಬೆಡಿಯ ಮರುದಿನ ಬೆಳಗ್ಗೆ ಕಾಫಿಯಾದ ಮೇಲೆ ಹಳೆಯ ಪೆಟ್ಟಿಗೆಯನ್ನು ಜಗಲಿಗೆ ತರಿಸಿರಿ. ಅಜ್ಜಿ ಹೆಸರು ಹೇಳಲಿ, ಮೊಮ್ಮಗಳು ಕನ್ನಡದಲ್ಲಿ ಬರೆಯಲಿ. ಅಕ್ಷರ ತಪ್ಪಾದರೆ ಅಳಿಸಿ ಬರೆಯಬಹುದು. ಪೆನ್ಸಿಲು ಎಂದುದು ಅದಕ್ಕಾಗಿಯೂ ಹೌದು.